ಮಾವನ ಅಂಗಳ ಹೊಕ್ಕ ದೊಡ್ಡ ಕಾರು

ಚಿಕ್ಕಬಳ್ಳಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನನಗೆ ಸಣ್ಣದೊಂದು ಕಾರು ಧಾರಾಳವಾಗಿ ಸಾಕಿತ್ತು. ಆದರೆ ಬೆಂಗಳೂರಿನ ಸಾಹೇಬರೊಬ್ಬರು ಮಾರಲಿಟ್ಟಿದ್ದ ಆ ಉದ್ದನೆಯ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಾಲು ಚಾಚಿದೆ ನೋಡಿ, ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು, ಕೊಂಡುಬಿಟ್ಟೆ. ಗೌರಿಬಿದನೂರಿನಲ್ಲಿದ್ದ ಅಮ್ಮನ ಕಣ್ಣಿನ ಪೊರೆ ತೆಗೆಸುವುದಿತ್ತು. "ಆಸ್ಪತ್ರೆಯಿಂದ ಗೌರಿಬಿದನೂರಿಗೆ ಮಲಗಿಸ್ಕೊಂಡೇ ಕರ್ಕೊಂಡು ಹೋಗ್ತೀನಮ್ಮ" ಎಂದು ಮಾತು ಕೊಟ್ಟೆ. ಅಮ್ಮ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಹೆದ್ದಾರಿಗೆ ಬಿದ್ದರೆ ಆ ಕಾರಿಗೆ ಎದುರಿಲ್ಲ. ಊರೊಳಗೆ ಮಾತ್ರ ಪೀಡೆ. ಹಂಪು ಬಂದಲ್ಲೆಲ್ಲ ಹೊಟ್ಟೆ ಉಜ್ಜಿಕೊಳ್ಳುತ್ತಿತ್ತು, ತಿರುಗಿಸಲು ಒಕ್ಕಣೆಯ ಕಣದಷ್ಟು ಜಾಗ ಕೇಳುತ್ತಿತ್ತು.

ಅಮ್ಮನ ಆಪರೇಷನ್ ಚಿಕ್ಕಬಳ್ಳಾಪುರದಲ್ಲೇ ಆಯಿತು. ಮಾರನೆಯ ದಿನ ಮಧ್ಯಾಹ್ನ ಮನೆಗೆ ಬಿಡುತ್ತೇವೆ ಎಂದರು. ಅಕ್ಕ ಜೊತೆಗಿದ್ದಳು. ನಾನು ಸುಮ್ಮನೆ ಅಲ್ಲೇ ಇರಬಹುದಿತ್ತು. ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರುವ ನೆಪ ಹೂಡಿ, ಸಂಜೆ ಶಿಡ್ಲಘಟ್ಟದ ಹತ್ತಿರದ ಮಾವನ ಊರಿಗೆ ಹೊರಟೆ. ನಿಜ ಹೇಳಬೇಕೆಂದರೆ ಕಾರು ತೋರಿಸುವ ಚಪಲ. ಮಾವನವರು ಎದುರು ನಿಂತು ಕೈ ಆಡಿಸುತ್ತ, ಎರಡೂ ಗೋಡೆಗಳ ನಡುವೆ ಗೇಣು ಜಾಗವೂ ಉಳಿಯದ ಓಣಿಯಲ್ಲಿ ಕಾರನ್ನು ಅಂಗಳಕ್ಕೆ ತರಿಸಿಕೊಂಡರು. ಬೀದಿಯವರೆಲ್ಲ ನೋಡಿದರು. ನನಗೆ ಬೇಕಾದದ್ದೂ ಅದೇ.

ಬೆಳಿಗ್ಗೆ ಎದ್ದು ನೋಡಿದರೆ ಓಣಿಯ ಎರಡೂ ಕಡೆ ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿದ್ದರು. ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ ಆ ದೊಡ್ಡ ಬಿದಿರು ತಟ್ಟಿಗಳ ತುಂಬ ಹಣ್ಣಾದ ಹುಳುಗಳು ನೂಲು ಬಿಡಲು ಶುರುಮಾಡಿದ್ದವು.

"ಇನ್ನೆರಡು ದಿನ ಕದಲಿಸೋ ಹಂಗಿಲ್ಲ ಅಳಿಯಂದ್ರೇ" ಎಂದರು ಮಾವ. "ಕಾರು ಸ್ಟಾರ್ಟೂ ಮಾಡ್ಬೇಡಿ. ಹೊಗೆ ತಾಗಿದ್ರೆ ಹುಳ ಕೆಟ್ಟೋಗ್ತವೆ."

ಅದು ಇಡೀ ಓಣಿಯ ಒಂದು ತಿಂಗಳ ದುಡಿಮೆ. ಏನೆಂದು ಜಗಳವಾಡಲಿ? ಒಂಬತ್ತಕ್ಕೊಂದು ಬಸ್ಸಿತ್ತು. ಆದರೆ ಅಮ್ಮ ಬೀದಿಗೆಲ್ಲ ಸಾರಿದ ಮೇಲೆ ಅವಳೆದುರು ಬಸ್ಸಿಳಿದು ನಿಲ್ಲಲು ನಾಚಿಕೆಯಾಯಿತು. ಕಾರನ್ನು ಮೊದಲು ಮಾವನ ಮನೆಗೆ ಒಯ್ದೆ ಎನ್ನಲು ಅದಕ್ಕಿಂತ ನಾಚಿಕೆ. ಅಕ್ಕನಿಗೆ ಫೋನು ಮಾಡಿ, ದಾರಿಯಲ್ಲಿ ಕಾರು ಕೆಟ್ಟಿದೆ, ಮೆಕ್ಯಾನಿಕ್ ಹತ್ತಿರ ಕೂತಿದ್ದೇನೆ ಎಂದೆ. ಮೆಕ್ಯಾನಿಕ್ಕೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಾನಿದ್ದದ್ದು ಮಾವನ ಜಗುಲಿಯ ಮೇಲೆ, ತಟ್ಟೆಯಲ್ಲಿ ಬಿಸಿ ಒಬ್ಬಟ್ಟು. ಬಾಗಿಲ ಮುಂದೆ ಅಷ್ಟು ದೊಡ್ಡ ಕಾರು, ಅತ್ತಿತ್ತ ಕದಲಲು ದಾರಿಯಿಲ್ಲ. ಪಕ್ಕದ ಮನೆಗೆ ಬಂದಿದ್ದ ನೆಂಟರೊಬ್ಬರ ಚಿಕ್ಕ ಕಾರನ್ನು ನಾಲ್ಕು ಜನ ತಳ್ಳಿಕೊಂಡು ಚಂದ್ರಿಕೆಗಳ ನಡುವೆಯೇ ದಾಟಿಸಿದರು. ಅದನ್ನು ನೋಡಿ ಹೊಟ್ಟೆ ಉರಿಯಿತು.

ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಅಕ್ಕನ ಭುಜ ಹಿಡಿದು, ಬಸ್ಸಿನಲ್ಲೇ ಮನೆ ಸೇರಿದಳು. ಕೇಳಿದವರಿಗೆಲ್ಲ, "ಪಾಪ, ಅವನ ಕಾರು ಕೆಟ್ಟೋಯ್ತು" ಎಂದಳಂತೆ.

ವಾರದ ಮೇಲೆ ಡಾಕ್ಟರ ಬಳಿ ತೋರಿಸುವುದಿತ್ತು. ಕಾರು ತೊಳೆಸಿಕೊಂಡು ಹೋದೆ. ಅಮ್ಮ ಹಿಂದೆ ಹತ್ತಿ, ಕಾಲು ಮಡಿಸಿ ಒಂದು ಮೂಲೆಗೆ ಕೂತಳು. ಗೌರಿಬಿದನೂರು ದಾಟಿದ ಮೇಲೆ ಬಾಯಿಬಿಟ್ಟಳು.

"ಅವತ್ತು ನೀನು ಫೋನ್ ಮಾಡೋಕೆ ಮುಂಚೆನೇ ಬೀಗರು ಮಾಡಿದ್ರು ಕಣಪ್ಪ. ಹುಳ ಹಣ್ಣಾಗಿದೆ, ಅಳಿಯಂದ್ರ ಕಾರು ಸಿಕ್ಕಾಕ್ಕೊಂಡಿದೆ, ತಪ್ಪು ತಿಳೀಬೇಡಿ ಅಂದ್ರು. ನಿಜ ನೀನೇ ಹೇಳಿದ್ರೆ ನಾನೇನು ಬಯ್ತಿದ್ನಾ?"

ಗಾಜು ಏರಿಸಿದರೆ ಹೊರಗಿನ ಒಂದು ಸದ್ದೂ ಒಳಗೆ ಬರದ ಕಾರು ಅದು. ಚಿಕ್ಕಬಳ್ಳಾಪುರ ಇನ್ನೂ ದೂರವಿತ್ತು. ಕನ್ನಡಿಯಲ್ಲಿ ಅಮ್ಮ ಆಪರೇಷನ್ ಆದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.