ಅಪ್ಪ ಅರ್ಥ ಹೇಳಿದ ಸಿನಿಮಾ

ಅಮಾವಾಸ್ಯೆ ದಿನ ಇಳಕಲ್ಲಿನಲ್ಲಿ ಮಗ್ಗಗಳು ನಿಲ್ಲುತ್ತವೆ, ನೇಕಾರರಿಗೆ ರಜೆ. ಅವತ್ತೇ ವಿಡಿಯೋ ತರಿಸಬೇಕೆಂದು ನನಗೆ ಹೊಳೆದಂತೆ ಊರಿಗೆಲ್ಲ ಹೊಳೆದಿತ್ತು. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಹೋಗುವಷ್ಟರಲ್ಲಿ ಕನ್ನಡ, ಹಿಂದಿ ಕ್ಯಾಸೆಟ್ಟುಗಳೆಲ್ಲ ಖಾಲಿ. "ಇಂಗ್ಲಿಷ್ ಫೈಟಿಂಗ್ ಐತ್ರಿ, ಒಯ್ರಿ," ಎಂದು ಅಂಗಡಿಯವನು ಉಳಿದದ್ದೊಂದನ್ನು ಕೈಗಿಟ್ಟ. ಬಾಡಿಗೆಯ ಟಿ.ವಿ., ಕ್ಯಾಸೆಟ್ ಹಾಕುವ ಡೆಕ್ಕು ತಳ್ಳುಗಾಡಿಯಲ್ಲಿ ಬಂದವು.

ಅವ್ವ ತೀರಿಕೊಂಡು ವರ್ಷ ತುಂಬುತ್ತಿತ್ತು. ಅಂದಿನಿಂದ ಅಪ್ಪ ರೇಷ್ಮೆ ರೇಟು, ಬಾಗಲಕೋಟೆಯ ಮುಳುಗಡೆ, ಹುನಗುಂದದ ಬಸ್ಸು, ಎಲ್ಲದರ ಬಗ್ಗೆಯೂ ಎಡೆಬಿಡದೆ ಮಾತಾಡುತ್ತಿದ್ದ. ಅವ್ವನ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳ ಬಗ್ಗೆ ಒಂದೇ ಒಂದು ಮಾತು ಅವನ ಬಾಯಿಂದ ಕೇಳಬೇಕಿತ್ತು ನನಗೆ. ಕಾದು ಕಾದು ತಲೆ ಚಿಟ್ಟು ಹಿಡಿದಿತ್ತು. ಹೇಳದಿದ್ದರೆ ಹೋಗಲಿ, ಎರಡು ತಾಸು ಬಾಯಿ ಮುಚ್ಚಿಕೊಂಡಾದರೂ ಇರಲಿ ಎಂದೇ ಈ ಖಟಪಟಿ.

ಹಾಕಿ ನೋಡಿದರೆ ಇಂಗ್ಲಿಷೂ ಅಲ್ಲ, ಫೈಟಿಂಗೂ ಇಲ್ಲ. ಯಾವ ದೇಶದ ಭಾಷೆಯೋ. ಒಬ್ಬ ಮುದುಕ, ಒಬ್ಬ ಮುದುಕಿ, ಒಂದು ಅಡುಗೆಮನೆ. ಓಣಿಯ ಮಕ್ಕಳು ಬೈದುಕೊಳ್ಳುತ್ತ ಎದ್ದು ಹೋದವು.

ಅಪ್ಪನಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಹೊರಗೆ ಬಿದ್ದ ಹಿಮವನ್ನು ಹತ್ತಿ ಎಂದ. ಚರ್ಚನ್ನು ದವಾಖಾನಿ ಎಂದ.

"ಆ ಮುದುಕಿ ಮನಿಗೆಲಸದಾಕಿ," ಎಂದ.

"ಹೆಂಡ್ತಿ, ಅಪ್ಪಾ."

"ಹಂಗಾರ ಅವಾ ಯಾಕ ಅಕಿ ಮಾರಿ ನೋಡವಲ್ಲ?"

ನಾನು ಹಲ್ಲು ಕಚ್ಚಿಕೊಂಡು ಕೂತೆ. ಪರದೆಯ ಮುದುಕನೂ ಇವನಂತೆಯೇ ಮಾತಿನಮಲ್ಲ. ಮುದುಕಿ ಏನೋ ಹೇಳಲು ಬಾಯಿ ತೆರೆಯುವಳು, ಅವನು ನಿಲ್ಲಿಸುವುದಿಲ್ಲ, ಅವಳು ಸುಮ್ಮನೆ ಅವನ ಕಪ್ಪು ತುಂಬಿಸುವಳು. ಆಮೇಲೆ ಅವಳು ಹಾಸಿಗೆ ಹಿಡಿದಳು. ಅವನು ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇದ್ದ. ಅವಳು ಅವನ ತೋಳು ಮುಟ್ಟಿದಳು. ಅವನು ರಗ್ಗು ಸರಿಮಾಡಿ ಮತ್ತೆ ಶುರು ಹಚ್ಚಿದ. ಒಂದಕ್ಷರ ತಿಳಿಯದ ಸಿನಿಮಾಕ್ಕೆ ನನ್ನ ಕಣ್ಣು ತುಂಬಿ ಬಂತು.

"ನಿಲ್ಲಸು," ಎಂದ ಅಪ್ಪ.

ಈಗೇನು ಬಂತು ಇವನಿಗೆ ಎಂದು ರೇಗುತ್ತಲೇ ಗುಂಡಿ ಒತ್ತಿದೆ. ಚಿತ್ರ ನಡುಗುತ್ತ ನಿಂತಿತು. ಅಪ್ಪ ಅದನ್ನೇ ನೋಡುತ್ತಿದ್ದ.

"ನಿಮ್ಮವ್ವ ದವಾಖಾನ್ಯಾಗ ಏನೋ ಹೇಳಾಕ ಹತ್ತಿದ್ಲು. ನಾ ಸಾವಕಾರನ ಸುದ್ದಿ ಹೇಳ್ಕೋತ ಕೂತಿದ್ದೆ. ಆಮ್ಯಾಲ ಅಕಿ ಕಣ್ಣ ಮುಚ್ಚಿದ್ಲು. ಮಲಗ್ಯಾಳ ಅಂತ ತಿಳಕೊಂಡೆ."

ಅಪ್ಪ ನನ್ನ ಕಡೆ ತಿರುಗಿದ.

"ನಿನಗೇನರ ಹೇಳಿದ್ಲೇನು?"

"ಇಲ್ಲಪ್ಪಾ."

ಅವನು ಮೊಣಕಾಲು ಉಜ್ಜಿಕೊಂಡ. ಆಮೇಲೆ ಟಿ.ವಿ.ಯ ಹತ್ತಿರಕ್ಕೆ ಸರಿದು ಕೂತ.

"ಹಚ್ಚು. ಈಕಿ ಏನ ಹೇಳ್ತಾಳ ಕೇಳೂನು."

"ಭಾಷಾ ತಿಳಿಯಂಗಿಲ್ಲಲ್ಲಪ್ಪಾ."

"ತಿಳೀದಿದ್ರ ಬಿಡು," ಎಂದ. "ಕೇಳೂನು."