ಬಸ್ಸಿಗೆ ಕಟ್ಟಿದ ಗೆಜ್ಜೆ ಬಿಚ್ಚಿದ ಮೇಸ್ತ್ರಿ

ಓದೋ ಎಲ್ರಿಗೂ ನಮಸ್ಕಾರ. ನಾನು ಅಕ್ಷರ ಕಲ್ತಿದ್ದು ಮೀಸೆ ಬಂದ್ಮೇಲೆ, ಟೈಪು ಕಲ್ತಿದ್ದು ಮೀಸೆ ಬೆಳ್ಳಗಾದ್ಮೇಲೆ. ಒಂದೇ ಬೆರಳಲ್ಲಿ ಒತ್ತುತಾ ಇದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ.

ನಮ್ಮ ಬಸ್ಸು ರಿಪೇರಿ ಮಾಡ್ತಿದ್ದ ಮೇಸ್ತ್ರಿ ಬಲಗಿವಿ ಸುತ್ತ ಯಾವಾಗ್ಲೂ ಒಂದು ಕರೀ ಉಂಗುರ ಇರೋದು. ಕಬ್ಬಿಣದ ಸಲಾಕೆಯ ಒಂದು ತುದಿನ ಓಡ್ತಿರೋ ಎಂಜಿನ್‌ಗೆ ತಾಗಿಸಿ, ಇನ್ನೊಂದು ತುದಿನ ಕಿವಿಗೆ ಒತ್ತಿ ಕೇಳೋರು. ಆ ಗ್ರೀಸು ಅಲ್ಲೇ ಅಂಟಿಕೊಂಡಿತ್ತು. ಅವರ ಹೆಂಡ್ತಿ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಸೋತಿದ್ರು. "ಈ ಕಿವಿ ಬಸ್ಸಿಂದು, ಆ ಕಿವಿ ನಂದು. ಅದ್ರಲ್ಲೂ ನನ್ ಮಾತು ಕೇಳಕಿಲ್ಲ" ಅಂತಿದ್ರು.

ಐವತ್ತರ ದಶಕದ ಮಾತು. ಚಾಮರಾಜನಗರದಿಂದ ಗುಂಡ್ಲುಪೇಟೆ ಮೇಲೆ ಕಾಡಂಚಿನ ಮದ್ದೂರಿಗೆ ಹೋಗ್ತಿದ್ದ ಖಾಸಗಿ ಬಸ್ಸಿಗೆ ನಾನು ಕಂಡಕ್ಟರು. ಬಸ್ಸಿನಡಿ ಎಲ್ಲಿಂದಾನೋ ಸದ್ದು ಬಂದ್ರೆ ಮೇಸ್ತ್ರಿ ಸಂತೆಮರಹಳ್ಳಿ ಸಂತೇಲಿ ತಂದ ಎತ್ತಿನ ಗೆಜ್ಜೆಗಳನ್ನ ಅಲ್ಲಲ್ಲಿ ಕಟ್ಟಿ, ಖಾಲಿ ಬಸ್ಸು ಓಡಿಸೋರು. ಒಂದೊಂದಕ್ಕೂ ಒಂದೊಂದು ದನಿ. ಯಾವುದು ಜಾಸ್ತಿ ಕುಣೀತೋ ಅದರ ಪಕ್ಕದಲ್ಲೇ ಸಡಿಲ ಆಗಿರೋದು ಸಿಕ್ಕೋದು. ಸರಿಮಾಡಿ, ಒಂದೂ ಬಿಡದಂಗೆ ಬಿಚ್ಚಿದ್ಮೇಲೇ ಜನ ಹತ್ತಿಸೋಕೆ ಬಿಡೋರು.

ಒಂದ್ಸಲ ಇನ್ನೂ ಬಿಚ್ಚಿರಲಿಲ್ಲ, ಬಸ್ಸಿನ ಮಾಲೀಕ ಸಾವ್ಕಾರ್ರು ಬಂದ್ಬಿಟ್ರು. ಝಲ್ ಝಲ್ ಸದ್ದು ಅವರಿಗೆ ಬಲು ಹಿಡಿಸ್ತು. ಮದುವೆ ಗಾಡಿ ಇದ್ದಂಗಿದೆ, ಜನ ಹುಡುಕ್ಕೊಂಡು ಬಂದು ಹತ್ತುತಾರೆ, ಹಂಗೇ ಇರಲಿ ಅಂದ್ರು. ನಿಜ ಹೇಳ್ಬೇಕಂದ್ರೆ ನಂಗೂ ಚೆನ್ನಾಗೇ ಇತ್ತು.

"ಹುಡುಕಕ್ಕೆ ಕಟ್ಟಿದ್ದು ಸಾವ್ಕಾರ್ರೆ. ಸಿಕ್ತಲ್ಲ, ಬಿಚ್ಬುಡನ. ನಾಳೆ ಬಸ್ಸೇ ಏನಾರ ಮಾತಾಡುದ್ರೆ ಈ ಗಲಾಟೆಲಿ ಯಾರ್ಗೆ ಕೇಳ್ತದೆ?" ಅಂದ್ರು ಮೇಸ್ತ್ರಿ.

ಬಿಚ್ಚಿದ್ರೆ ಬೇರೆ ಮೇಸ್ತ್ರಿ ನೋಡ್ಕೋತೀನಿ ಅಂತ ಸಾವ್ಕಾರ್ರು ಹೊರಟೇ ಹೋದ್ರು. ಜನ ಹತ್ತಿ, ಗೆಜ್ಜೆ ಸಮೇತ ಬಸ್ಸು ಹೊರಡೋ ಹೊತ್ತಿಗೆ ಮೇಸ್ತ್ರಿನೂ ಸ್ಪ್ಯಾನರ್ ಚೀಲ ತಗೊಂಡು ಬಸ್ ಹತ್ತಿ ಕೂತ್ರು. ಎಲ್ಲಿಗೆ ಟಿಕೀಟು ಅಂದೆ.

"ಗೆಜ್ಜೆ ಬಿಚ್ಚೋಗಂಟ ಕೊಡು ಕಣ್ಲಾ."

ಗುಂಡ್ಲುಪೇಟೆ ದಾಟಿ ಕಾಡು ಶುರುವಾಯ್ತು. ಬರಿಗಾಲನ್ನ ಹಲಗೆ ಮೇಲೆ ಊರಿ ಕೂತಿದ್ದ ಮೇಸ್ತ್ರಿ ಅಂಗಾಲಿಗೆ ಏನೋ ಬಡಿದಂಗಾಗಿ ಇದ್ದಕ್ಕಿದ್ದಂಗೆ ಎದ್ದು ನಿಲ್ಲಿಸು ಅಂದ್ರು. ಇಲ್ಲಿ ನಿಲ್ಲಿಸಿದ್ರೆ ಆನೆ ಬರ್ತದೆ ಅಂತ ಡ್ರೈವರು ಗೊಣಗಿದ.

"ಬಂದ್ರೆ ಅದ್ಕೂ ಒಂದ್ ಗೆಜ್ಜೆ ಕಟ್ಟನ. ನಿಲ್ಸ್ಲಾ ಮೊದ್ಲು."

ಬಸ್ಸಿನಡಿ ನುಗ್ಗಿ ಎಲ್ಲಾ ಬಿಚ್ಚಾಕಿದ್ರು. ಇನ್ನು ಮೇಸ್ತ್ರಿ ಕೆಲಸ ಹೋದಂಗೇ ಅಂದ್ಕೊಂಡೆ. ವೀಳ್ಯದೆಲೆ ಮಾರೋ ಹೆಂಗಸೊಬ್ಳು, ಮದುವಣಗಿತ್ತಿ ಹಂಗೆ ಕುಣ್ಕೊಂಡು ಹೋಗ್ತಿದ್ದ ಬಸ್ಸಿನ ಕಾಲು ಬರಿದು ಮಾಡಿದ್ರಲ್ಲ ಅಂತ ಹಂಗಿಸಿದ್ಳು. ಮೇಸ್ತ್ರಿ ಮೆಲ್ಲಗೆ ಓಡಿಸು ಅಂತ ಡ್ರೈವರಿಗೆ ಕೈಸನ್ನೆ ಮಾಡಿದ್ರು.

ಟಕ್. ಟಕ್. ಟಕ್. ಮುಂದಿನ ಬಲಚಕ್ರದಿಂದ.

ಎಲೆ ಹೆಂಗಸಿಗೂ ಕೇಳಿಸ್ತು. ಇಳಿದು ನೋಡಿದ್ರೆ ಚಕ್ರದ ನಟ್ಟುಗಳು ಬೆರಳಲ್ಲಿ ತಿರುಗೋಷ್ಟು ಸಡಿಲ. ಮುಂದೆ ಇದ್ದದ್ದು ಇಳಿಜಾರು. ಮೇಸ್ತ್ರಿ ಸ್ಪ್ಯಾನರ್ ತೆಗೆದು ಒಂದೊಂದೇ ನಟ್ಟು ಬಿಗಿ ಮಾಡಿದ್ರು. ಆಮೇಲೆ ಅವಳೇ ಎಲೆಗೆ ಸುಣ್ಣ ಸವರಿ, "ಆಕ್ಕಳಿ ಮೇಸ್ತ್ರೆಪ್ಪ" ಅಂತ ಕೊಟ್ಳು.

ಮಾರನೇ ಬೆಳಿಗ್ಗೆ ಸುದ್ದಿ ಕೇಳಿದ ಸಾವ್ಕಾರ್ರು ತಮ್ಮ ಕೈಯಾರೆ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಗೆಜ್ಜೆ ಸರ ತಗಲಾಕಿದ್ರು, ಬೇರೆ ಮೇಸ್ತ್ರಿ ಮಾತು ಅಲ್ಲಿಗೇ ಮುಗೀತು.

ಈಗ ನಂಗೆ ಟೈಪು ಕಲಿಸ್ತಿರೋ ಪಕ್ಕದ್ಮನೆ ಹುಡುಗಿ ಗುಂಡ್ಲುಪೇಟೇಲಿ ಕಂಪ್ಯೂಟರ್ ಪಾಠ ಮಾಡ್ತಾಳೆ. ಕಂಪ್ಯೂಟರ್ ಒಳಗೂ ಎಂಜಿನ್ ಥರ ಒಂದು ಇದೆಯಂತೆ, ಕರ್ನಲ್ ಅಂತ. ತಪ್ಪು ಹುಡುಕೋವಾಗ 'ಇಲ್ಲೀತನಕ ಬಂದೆ' ಅಂತ ಪರದೆ ಮೇಲೆ ಕೂಗಿ ಹೇಳೋ ಸಾಲುಗಳನ್ನ ಅದರೊಳಗೆ ಹಾಕ್ತಾರಂತೆ. ಜನರ ಕೈಗೆ ಕೊಡೋ ಮುಂಚೆ ತೆಗೀಬೇಕಂತೆ. ಮರೆತ್ರೆ ಓಟ ನಿಧಾನ, ನಿಜವಾದ ಎಚ್ಚರಿಕೆ ಬಂದ್ರೂ ಆ ಗದ್ದಲದಲ್ಲಿ ಮುಳುಗಿಹೋಗುತ್ತಂತೆ. ಮೇಸ್ತ್ರಿ ಕಥೆ ಹೇಳಿದೆ. "ನಮ್ಮ ಕ್ಲಾಸಿಗೆ ಒಂದಿನ ಬಂದು ಇದನ್ನೇ ಹೇಳಿ ತಾತ" ಅಂದ್ಲು. ಹೋಗಿ ಹೇಳಿಯೂ ಬಂದೆ.

ಮೇಸ್ತ್ರಿ ಎಷ್ಟೋ ವರ್ಷದ ಹಿಂದೇನೇ ತುಂಬು ವಯಸ್ಸಾಗಿ ನಿದ್ದೇಲೇ ಹೋದ್ರು. ಮೈ ತೊಳೆಯೋವಾಗ ಯಾರೋ ಆ ಕಿವಿ ಉಂಗುರ ತಿಕ್ಕೋಕೆ ಹೋದ್ರು. ಅವರ ಹೆಂಡ್ತಿ ಕೈ ಹಿಡಿದು ತಡೆದ್ರು.

"ಅದೊಂದ ಬುಟ್ಬುಡಿ."

ಕೆಲಸ ಮುಗಿದ್ಮೇಲೆ ತಾನು ಕಟ್ಟಿದ್ದನ್ನ ತಾನೇ ಬಿಚ್ಚಿಟ್ಟು ಹೋಗೋಂಥವರು ನಿಮ್ಮ ಕಡೇನೂ ಇದ್ದಿರ್ಬೇಕು. ಅವರ ವಿಷಯ ಬರೀರಿ. ನಿಧಾನಕ್ಕಾದ್ರೂ ಪೂರ್ತಿ ಓದ್ತೀನಿ.