ತಂಬಿಗೆ ನೀರು

ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಕೊಡಿಸಲೆಂದು ನಡೆಯಲಿದ್ದ ಮ್ಯಾರಥಾನ್‌ಗೆ ತಯಾರಾಗಲು ದಿನಾ ಬೆಳಿಗ್ಗೆ ಬ್ಯಾಡಗಿ ರಸ್ತೆಯಲ್ಲಿ ಓಡುತ್ತಿದ್ದೆ. ಟೇಲರ್ ಗೆಳೆಯ ಮೈಲಿಗಲ್ಲಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮನೆಗೆ ಬಂದ ಬೀಗರಿಗೆ ಕೊಡುವಂತೆ ಬೆಲ್ಲ ಕೊಟ್ಟು, ತಂಬಿಗೆ ತುಂಬ ನೀರು ಕೊಡುತ್ತಿದ್ದ.

“ನೀನೂ ಒಂದ್ ಗುಟುಕು ಕುಡಿಯೋ” ಎಂದರೆ, ಬಿಸಿಲಲ್ಲೂ ಬಿಚ್ಚದ ತುಂಬುತೋಳಿನ ಅಂಗಿಯ ಗುಂಡಿ ಮುಟ್ಟಿಕೊಂಡು, “ನೀ ಕುಡದ್ರ ನಾ ಕುಡದಂಗ ಬಿಡೋ” ಎನ್ನುತ್ತಿದ್ದ.

ಓಟ ಮುಗಿದ ಮರುದಿನ ನಮ್ಮನ್ನೆಲ್ಲ ಹಾವೇರಿಯ ಆ ಆಸ್ಪತ್ರೆಗೆ ಕರೆದಿದ್ದರು. ಡಯಾಲಿಸಿಸ್ ವಾರ್ಡಿನ ಮೂರನೇ ಮಂಚದ ಮೇಲೆ ಅವನೇ ಮಲಗಿದ್ದ! ಅಂಗಿಯ ತೋಳು ಮಡಚಿ, ಕೈಗೆ ಎರಡು ಸೂಜಿ ಚುಚ್ಚಿದ್ದರು. ನರ್ಸ್ ಅವನಿಗೆ ಹೇಳುತ್ತಿದ್ದರು: “ದಿನಕ್ಕ ಎರಡ ಲೋಟ ನೀರ್ರಿ. ಹೆಚ್ಚಿಗಿ ಒಂದ್ ಗುಟುಕೂ ಕುಡೀಬ್ಯಾಡ್ರಿ.”

ಮಂಚದ ಹತ್ತಿರ ಹೋದೆ. ಉಪಕಾರ ನೆನೆಯಬೇಕಾದ ಬಾಯಿ ಒಣಗಿ, ತುಟಿ ಸವರಿಕೊಂಡೆ. ಅವನು ತಲೆ ಎತ್ತಿ ನನ್ನನ್ನೇ ನೋಡಿದ.

“ಯಾಕಲೇ, ಇವತ್ತ ನೀರು ಕುಡದಿಲ್ಲೇನು?”